ಕರಾವಳಿಯಲ್ಲಿ ಗೋಸುಂಬೆ ಗೂಡಿಗೆ ನೀರು: ಡ್ರಿಪ್ ಮುಖ್ಯ, ಮಿಸ್ಟಿಂಗ್ ಚುಟುಕು

ಮಂಗಳೂರಿನ ಗಾಳಿಯಲ್ಲೇ ಬೇಕಾದಷ್ಟು ನೀರುಂಟು, ಗೋಸುಂಬೆ ಗೂಡಿಗೆ ಮಿಸ್ಟಿಂಗ್ (ನೀರನ್ನು ಸಣ್ಣ ಹನಿಯಾಗಿ ಸಿಂಪಡಿಸುವುದು) ಯಾಕೆ ಎಂದು ಇಲ್ಲಿಯವರು ಕೇಳಿದರು. ಬೆಂಗಳೂರಿನಲ್ಲಿ ಸಾಕುವವರು ದಿನಕ್ಕೆ ನಾಲ್ಕು ಸಲ ಮಿಸ್ಟ್, ರಾತ್ರಿಗೆ ಮಂಜು ಹಬ್ಬಿಸುವ ಫಾಗರ್ ಎಂದರು. ಎರಡು ಮಾತೂ ನಮ್ಮಲ್ಲಿ ನಡೆಯಲಿಲ್ಲ. ಗಾಳಿಯ ತೇವವನ್ನು ಗೋಸುಂಬೆ ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಹಾಗಾಗಿ ಎರಡನ್ನೂ ಬೇರೆ ಮಾಡಿದೆ: ಕುಡಿಯಲಿಕ್ಕೆ ಡ್ರಿಪ್, ಎಲೆ ನೆನೆಸಲಿಕ್ಕೆ ಚುಟುಕು ಮಿಸ್ಟ್. ಎರಡು ಮಳೆಗಾಲ ದಾಟಿತು. ಹಿಕ್ಕೆಯ ಜೊತೆ ಬರುವ ಯೂರೇಟ್ (ಗಟ್ಟಿ ಮೂತ್ರ) ಬೆಳ್ಳಗೇ ಇದೆ, ನೀರು ಸಾಲದಾಗ ಬರುವ ಕಿತ್ತಳೆ ಬಣ್ಣಕ್ಕೆ ತಿರುಗಿಲ್ಲ. ಮಿಸ್ಟಿಂಗ್ ಯಾಕೆ ಎಂದು ಕೇಳಿದವರಲ್ಲಿ ಇಬ್ಬರು ಈಗ ಇದೇ ಜೋಡಣೆ ಮಾಡಿಕೊಂಡಿದ್ದಾರೆ.

ಗೂಡು ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ಅಲ್ಯುಮಿನಿಯಂ ಚೌಕಟ್ಟು, ನಾಲ್ಕೂ ಬದಿ ಜಾಲರಿ. ಒಳಗಿರುವುದು ಯೆಮೆನ್ ಮೂಲದ ವೇಲ್ಡ್ ಜಾತಿಯ ಗಂಡು ಗೋಸುಂಬೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾದದ್ದು. ತೋಟದಲ್ಲಿ ಸಿಗುವ ನಮ್ಮ ನಾಡಿನ ಗೋಸುಂಬೆ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ. ಅದನ್ನು ಹಿಡಿದು ಸಾಕುವ ಮಾತೇ ಬೇಡ.

ಡ್ರಿಪ್‌ಗೆ ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಸೆಟ್ ಸಾಕು. ಹೊಸದೇ ಆಗಬೇಕು, ನೂರು ರೂಪಾಯಿಯ ಒಳಗೆ ಸಿಗುತ್ತದೆ. ಬಾಟಲಿಯಲ್ಲಿ ಬರೀ ನೀರು. ಸೂಜಿ ಕಡೆಯ ತುದಿ ಕತ್ತರಿಸಿ, ಹನಿ ಬೀಳುವ ಚೇಂಬರನ್ನು ಅರ್ಧ ತುಂಬಿಸಿ, ಗೂಡಿನ ಮೇಲೆ ನೇತುಹಾಕಿ. ಮಾಮೂಲಿ ಸೆಟ್ಟಿನಲ್ಲಿ ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ಎರಡು ಸೆಕೆಂಡಿಗೊಂದು ಹನಿ ಇಟ್ಟರೆ ನಲವತ್ತು ನಿಮಿಷಕ್ಕೆ ಅರವತ್ತು ಮಿಲಿ. ಬಾಟಲಿಗೆ ಗಾಳಿ ಹೋಗುವ ತೂತು ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಹನಿ ನಿಧಾನವಾಗಿ ನಿಂತೇ ಹೋಗುತ್ತದೆ. ನನ್ನ ಮೊದಲ ವಾರ ಇದರಲ್ಲೇ ಹೋಯಿತು. ಹನಿ ಒಂದೆಲೆಯಿಂದ ಕೆಳಗಿನೆಲೆಗೆ, ಅಲ್ಲಿಂದ ಇನ್ನೊಂದಕ್ಕೆ ಇಳಿಯಬೇಕು. ಗೋಸುಂಬೆ ಮಲಗುವ ಕೊಂಬೆಯ ಮೇಲೆ ಬೀಳಬಾರದು.

ಹನಿ ನಿಲ್ಲುವ ಎಲೆ ಯಾವುದು ಎಂದು ನಾಲ್ಕೈದು ಗಿಡ ನೋಡಿದೆ. ದಾಸವಾಳ ಎಲ್ಲಕ್ಕಿಂತ ಒಳ್ಳೆಯದು: ಎಲೆಯ ಚೂಪು ತುದಿಯಲ್ಲಿ ಹನಿ ತೂಗಿ ನಿಲ್ಲುತ್ತದೆ, ವೇಲ್ಡ್ ಎಲೆ ಕಚ್ಚಿ ತಿಂದರೂ ತೊಂದರೆಯಿಲ್ಲ. ಪತ್ರೊಡೆಗೆ ಹಾಕುವ ಕೆಸುವಿನೆಲೆ ನೋಡಲು ಚಂದ, ಆದರೆ ನೀರು ಮುತ್ತಿನಂತೆ ಉರುಳಿ ಬೀಳುತ್ತದೆ. ಮೇಲಾಗಿ ಕಚ್ಚಿದರೆ ಬಾಯಿ ತುರಿಸುತ್ತದೆ. ಗೂಡಿನೊಳಗೆ ಬೇಡ.

ಇನ್ನು ಮಿಸ್ಟಿಂಗ್. ಹೊರಗಿನಿಂದ ತರಿಸಿದ ಕಿಟ್‌ಗೆ ಒಂಬತ್ತು ಸಾವಿರದಷ್ಟು ಕೊಟ್ಟೆ. ಅದರ ನಾಝಲ್ ಬಾವಿ ನೀರಿಗೆ ಎರಡೇ ತಿಂಗಳಲ್ಲಿ ಕಟ್ಟಿತು. ಮುರಕಲ್ಲಿನ ನೆಲದ ನಮ್ಮ ಬಾವಿ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಪೈಪ್‌ನೊಳಗೆಲ್ಲ ಕೆಂಪು ಕಿಟ್ಟ. ಆಮೇಲೆ ಮಾಡಿದ್ದು ಆರ್‌ಒ ಬಿಡಿಭಾಗಗಳ ಜೋಡಣೆ: 24 ವೋಲ್ಟಿನ ಬೂಸ್ಟರ್ ಪಂಪ್ ಸಾವಿರದ ಆಸುಪಾಸು, ಅಡಾಪ್ಟರ್ ನಾನೂರು, ಕಾಲಿಂಚಿನ ಪೈಪ್ ಮತ್ತು ಪುಶ್ ಕನೆಕ್ಟರ್ ಸೇರಿ ಮುನ್ನೂರು, ಎರಡು ನಾಝಲ್, ಸೆಕೆಂಡ್ ಲೆಕ್ಕದ ಡಿಜಿಟಲ್ ಟೈಮರ್. ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ತುಂಬುವುದು ಆರ್‌ಒ ನೀರು ಮಾತ್ರ. ಆದರೂ ತಿಂಗಳಿಗೊಮ್ಮೆ ನಾಝಲ್ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ಮುಳುಗಿಸಿಡುತ್ತೇನೆ.

ಟೈಮರ್‌ನಲ್ಲಿ ಜುಗ್ಗತನ ಮಾಡಬೇಡಿ. ಪಿನ್ ಒತ್ತುವ ಅಗ್ಗದ ಟೈಮರ್‌ನಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಇಡಲಾಗುವುದಿಲ್ಲ. ಅಳೆದು ನೋಡಿದಾಗ ಎರಡೂ ನಾಝಲ್ ಸೇರಿ ನಿಮಿಷಕ್ಕೆ ನೂರು ಮಿಲಿಯಷ್ಟು ಬಂತು. ಹದಿನೈದು ನಿಮಿಷಕ್ಕೆ ಒಂದೂವರೆ ಲೀಟರ್. ಕುಂಡದ ಮಣ್ಣು ಕೆಸರಾಗಿ, ಪೇರಳೆ ಕೊಂಬೆಗಳ ಮೇಲೆ ಬೂಷ್ಟು ಬಂತು. ಪಂಪ್ ನಿಂತ ಮೇಲೂ ಪೈಪ್‌ನಲ್ಲಿ ಉಳಿದ ಒತ್ತಡಕ್ಕೆ ನಾಝಲ್ ತೊಟ್ಟಿಕ್ಕುತ್ತಿರುತ್ತದೆ. ಇದಕ್ಕೆ ಟ್ಯಾಂಕಿಗೆ ಮರಳುವ ಸಣ್ಣ ಪೈಪ್ ಒಂದು ಕೊಡಬೇಕು. ಅದಕ್ಕೆ ಹರಿವು ತಗ್ಗಿಸುವ ರಿಸ್ಟ್ರಿಕ್ಟರ್ ಯಾವ ಅಳತೆಯದು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನಾನು ನಾಲ್ಕು ಹಾಳು ಮಾಡಿ ಕಂಡುಕೊಂಡದ್ದು. ನಾಝಲ್‌ನ ಮುಖ ಗೋಸುಂಬೆ ಮೈ ಕಾಯಿಸಿಕೊಳ್ಳುವ ಬಾಸ್ಕಿಂಗ್ ಬಲ್ಬಿನ ಕಡೆ ತಿರುಗಿರಬಾರದು. ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಒಡೆಯುತ್ತದೆ.

ಫಾಗರ್‌ಗೆ ಸಾವಿರದ ಎಂಟುನೂರು ದಂಡ. ಮೂರು ವಾರದಲ್ಲಿ ಅದರ ತೊಟ್ಟಿಯಲ್ಲಿ ಲೋಳೆ ಕಟ್ಟಿತು. ಹೊಗೆಯಂಥ ಆ ನೀರು ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಲೋಳೆಯ ರೋಗಾಣುಗಳೂ ಜೊತೆಗೇ ಹೋಗುತ್ತವೆ. ಸೆಖೆಯಲ್ಲಿ ಇದು ಇನ್ನೂ ಕೆಟ್ಟದ್ದು. ಎಸಿಯಿಂದ ಬೀಳುವ ನೀರು ಶುದ್ಧ ಎಂದು ಒಬ್ಬರು ಸೂಚಿಸಿದ್ದರು. ಹಿಡಿದಿಟ್ಟು ನೋಡಿದರೆ ಧೂಳು, ಲೋಳೆ. ಗಿಡಕ್ಕೆ ಸುರಿದೆ.

ಕಾಲಕ್ಕೆ ತಕ್ಕ ಲೆಕ್ಕ ಹೀಗೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಒಣಗಾಳಿ ಬೀಸುವಾಗ ಬೆಳಗ್ಗೆ ಐದೂವರೆಗೆ ಎರಡು ನಿಮಿಷ, ರಾತ್ರಿ ದೀಪ ಆರಿದ ಮೇಲೆ ಒಂದೂವರೆ ನಿಮಿಷ ಮಿಸ್ಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗ್ಗೆ ನಲವತ್ತು ಸೆಕೆಂಡ್, ಅಷ್ಟೆ. ಆಟಿ ತಿಂಗಳ ಮಳೆಯಲ್ಲಿ ಒಣಹಾಕಿದ ಬಟ್ಟೆಯೇ ಮೂರು ದಿನ ಹಸಿಯಾಗಿರುವ ಊರು ನಮ್ಮದು. ಇಲ್ಲಿ ಒದ್ದೆ ಮಾಡುವುದಕ್ಕಿಂತ ಒಣಗಿಸುವುದು ಕಷ್ಟ. ಹತ್ತು ಗಂಟೆಗೆ ಎಲೆ ಇನ್ನೂ ಒದ್ದೆ ಇದ್ದರೆ ಮಿಸ್ಟ್ ಹತ್ತು ಸೆಕೆಂಡ್ ಇಳಿಸುತ್ತೇನೆ. ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಜಾಲರಿಯ ಹೊರಗೆ, ಗಾಳಿ ಹೊರಗೆಳೆಯುವಂತೆ ಕಟ್ಟಿದ್ದೇನೆ. ಪ್ರಾಣಿಯ ಮೇಲೆ ನೇರ ಬೀಸಬಾರದು. ಡ್ರಿಪ್ ಮಾತ್ರ ವರ್ಷವಿಡೀ, ಹನ್ನೊಂದು ಗಂಟೆಗೆ ನಲವತ್ತು ನಿಮಿಷ. ಏಪ್ರಿಲ್, ಮೇ ಸೆಖೆಯಲ್ಲಿ ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ.

ತಳದಲ್ಲಿ ಪಿವಿಸಿ ಶೀಟನ್ನು ಎರಡಡಿಗೆ ಒಂದಿಂಚು ಇಳಿಜಾರು ಕೊಟ್ಟು ಹಾಕಿ, ಮೂಲೆಯಿಂದ ಪೈಪ್ ಬಕೆಟ್‌ಗೆ ಬಿಟ್ಟಿದ್ದೇನೆ. ಬಕೆಟ್ ಎರಡು ದಿನಕ್ಕೊಮ್ಮೆ ಖಾಲಿಯಾಗಲೇಬೇಕು. ವಾರ, ಹತ್ತು ದಿನ ನಿಂತರೆ ಮೊಟ್ಟೆಯಿಂದ ಸೊಳ್ಳೆಯೇ ಎದ್ದು ಬರುತ್ತದೆ. ಮಲೇರಿಯಾ, ಡೆಂಗಿ ಕಂಡ ಊರಿದು. ಸೊಳ್ಳೆ ಬಂತೆಂದು ಗೂಡಿನ ಕೋಣೆಯಲ್ಲಿ ಕಾಯಿಲ್ ಹಚ್ಚುವಂತೆಯೂ ಇಲ್ಲ.

ಮಳೆ ಹಿಡಿಯುವ ಮೊದಲಿನ ಗುಡುಗು ಮಿಂಚಿಗೆ ಒಂದು ಅಡಾಪ್ಟರ್ ಸುಟ್ಟಿತು. ಈಗ ಮೋಡ ಕಟ್ಟಿದ ಕೂಡಲೇ ಪ್ಲಗ್ ಕಿತ್ತಿಡುತ್ತೇನೆ. ಆ ದಿನಗಳಲ್ಲಿ ಮಿಸ್ಟ್ ಇಲ್ಲ, ಕರೆಂಟ್ ಬೇಡದ ಡ್ರಿಪ್ ಮಾತ್ರ. ಎರಡು ಮೂರು ದಿನ ಹಾಗೇ ನಡೆದರೂ ಯೂರೇಟ್‌ನ ಬಣ್ಣ ಬದಲಾಗಿಲ್ಲ.