ಹಳೇ ಕಂಪ್ಯೂಟರ್ ಮ್ಯಾಗಜೀನ್‌ಗಳನ್ನು ನಾನು ಉಳಿಸಿಕೊಂಡ ಬಗೆ

ಪಿಸಿಕ್ವೆಸ್ಟ್, ಚಿಪ್, ಡಿಜಿಟ್, ಲಿನಕ್ಸ್ ಫಾರ್ ಯೂ. ನಮ್ಮ ಮನೆ ಅಟ್ಟದ ಮೇಲೆ ಇವುಗಳದ್ದೇ ದೊಡ್ಡ ರಾಶಿ. ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕವೂ ಅದರಲ್ಲಿವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿಡೋಣ ಅಂತ ಕೂತಾಗ ಮೊದಲು ಕೈಗೆತ್ತಿಕೊಂಡಿದ್ದು ಅವುಗಳ ಜೊತೆ ಬಂದಿದ್ದ ಸಿಡಿಗಳನ್ನು. ಕಾಗದ ಹಳದಿಯಾದರೂ ಓದಬಹುದು. ಸಿಡಿ ಕೈಕೊಟ್ಟರೆ ಮುಗೀತು.

ಫೋನ್ ಲೈನಿನಲ್ಲೇ ಇಂಟರ್ನೆಟ್ ಬರುತ್ತಿದ್ದ ಆ ಕಾಲದಲ್ಲಿ ಈ ಸಿಡಿಗಳಿಗೆ ಇದ್ದ ಬೆಲೆಯೇ ಬೇರೆ. 56 ಕೆಬಿಪಿಎಸ್ ಮೋಡೆಮ್‌ನಲ್ಲಿ 650 ಎಂಬಿ ಇಳಿಸಿಕೊಳ್ಳಲು, ಪೂರ್ತಿ ವೇಗ ಸಿಕ್ಕರೂ, ಒಂದು ದಿನಕ್ಕಿಂತ ಜಾಸ್ತಿ ಬೇಕು. ಫೋನ್ ಬಿಲ್ ಬೇರೆ! ನಮ್ಮಲ್ಲಿ ಎಷ್ಟೋ ಜನ ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಕಂಡಿದ್ದೇ ಮ್ಯಾಗಜೀನ್ ಜೊತೆ ಬಂದ ಸಿಡಿಯಲ್ಲಿ.

ಸಿಡಿಯ ಕೆಳಗಡೆ ಗೀರು ಬಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ. ನಿಜಕ್ಕೂ ಜೋಪಾನ ಮಾಡಬೇಕಾದ್ದು ಮೇಲ್ಭಾಗ, ಹೆಸರು ಅಚ್ಚಾಗಿರುವ ಕಡೆ. ಬೆಳ್ಳಿಯಂಥ ಪದರ ಇರುವುದು ಅದರ ಅಡಿಯಲ್ಲೇ. ಅದು ಕಿತ್ತುಬಂದರೆ ಡೇಟಾನೂ ಹೋಯಿತು. ಅದಕ್ಕೇ ಅಂಟಿದ ಸ್ಟಿಕರ್ ಕೀಳಲು ಹೋಗಬೇಡಿ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಉಜ್ಜಬಾರದು.

ಆಮೇಲೆ ಡಿಡಿರೆಸ್ಕ್ಯೂ, ಹಾಳಾದ ಡಿಸ್ಕಿನಿಂದ ಡೇಟಾ ಎತ್ತಿಕೊಡುವ ಪ್ರೋಗ್ರಾಮ್. ಲಿನಕ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇದು ಸಲೀಸಾಗಿ ಓದಲು ಬರುವುದನ್ನು ಮೊದಲು ಎತ್ತಿಕೊಂಡು, ತೊಂದರೆ ಕೊಡುವ ಜಾಗವನ್ನು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಒಂದು ಡ್ರೈವ್ ಓದದೇ ಬಿಟ್ಟ ಸೆಕ್ಟರನ್ನು (ಡೇಟಾದ ಪುಟ್ಟ ತುಣುಕು) ಇನ್ನೊಂದು ಡ್ರೈವ್ ಓದಿಬಿಡುವುದುಂಟು. ಹಾಗಾಗಿ ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಡ್ರೈವ್ ಬದಲಾಯಿಸಿ ಮತ್ತೆ ಓಡಿಸುತ್ತೇನೆ. ಉಳಿದ ಚೂರುಪಾರು ಹೀಗೆ ಸಿಕ್ಕಾಗ ಆಗುವ ಖುಷಿ ಹೇಳತೀರದು.

ಪುಟಗಳ ಕೆಲಸ ಸುಲಭ, ಆದರೆ ತಾಳ್ಮೆ ಬೇಕು. ಪಿನ್ ಹೊಡೆದ ಸಂಚಿಕೆಯಾದರೆ ಪಿನ್ ಬಿಚ್ಚಿ ಹಾಳೆಗಳನ್ನು ಬಿಡಿಸುತ್ತೇನೆ. ಅಂಟು ಹಾಕಿದ ಬೆನ್ನಿದ್ದರೆ ಹೇರ್ ಡ್ರೈಯರ್ ಬಿಸಿಗೆ ಅಂಟು ಮೆತ್ತಗಾಗುತ್ತದೆ. ತೆಳು ಹಾಳೆಯಲ್ಲಿ ಹಿಂಬದಿ ಅಕ್ಷರ ಕಾಣಿಸುತ್ತೆ ಅಲ್ವಾ, ಹಿಂದೆ ಒಂದು ಕಪ್ಪು ಹಾಳೆ ಇಟ್ಟರೆ ಸಾಕು. ಲೇಖನಗಳಿಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅಂತ) ಸಾಕಾಗುತ್ತದೆ. ಜಾಹೀರಾತುಗಳಿಗೆ ಮಾತ್ರ 600.

ಹೌದು, ಜಾಹೀರಾತಿಗೇ ಜಾಸ್ತಿ! ಸುಮ್ನೆ ಜಾಗ ತಿನ್ನುತ್ತವೆ ಅಂತ ಅವನ್ನು ಬಿಟ್ಟು ಸ್ಕ್ಯಾನ್ ಮಾಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಲೇಖನದಲ್ಲಿದ್ದ ಪಾಠ ಇವತ್ತು ಬೇರೆ ಎಲ್ಲಾದರೂ ಸಿಗಬಹುದು. ಒಂದು ಹಾರ್ಡ್ ಡಿಸ್ಕಿಗೆ ಆ ತಿಂಗಳು ಎಷ್ಟು ಕೊಡಬೇಕಿತ್ತು, ಯಾವ ಮಾನಿಟರ್ ಮಾರಾಟಕ್ಕಿತ್ತು ಅನ್ನೋದು ಆ ಸಣ್ಣ ಅಕ್ಷರಗಳಲ್ಲಿದೆ.

ಕೊನೆಗೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್ ಪ್ರೋಗ್ರಾಮ್ ಓಡಿಸಿ ಪಿಡಿಎಫ್‌ನಲ್ಲಿ ಪದ ಹುಡುಕುವ ಹಾಗೆ ಮಾಡುತ್ತೇನೆ. ಕಾಪಿರೈಟ್ ಇರುವುದರಿಂದ ಯಾರಿಗೂ ಹಂಚುವುದಿಲ್ಲ. ಫೈಲಿಗೆ ವರ್ಷ, ತಿಂಗಳು, ಪತ್ರಿಕೆ ಈ ಕ್ರಮದಲ್ಲಿ ಹೆಸರಿಟ್ಟು, ಆ ತಿಂಗಳ ಸಿಡಿಯ ಐಎಸ್‌ಒ ಫೈಲನ್ನೂ (ಇಡೀ ಸಿಡಿಯ ನಕಲು) ಅದೇ ಫೋಲ್ಡರಿಗೆ ಹಾಕುತ್ತೇನೆ. ಸಿಡಿಯಲ್ಲಿರುವ ಪ್ರೋಗ್ರಾಮ್ ಹಾಕಿಕೊಳ್ಳುವ ವಿಧಾನ ಎಷ್ಟೋ ಸಲ ಪುಟದಲ್ಲೇ ಇರುತ್ತದೆ. ಎರಡನ್ನೂ ಬೇರೆ ಮಾಡಿದರೆ ಎರಡೂ ಅರ್ಧಂಬರ್ಧ.