ಕೆಂಪು ಬಸ್ಸಿನ ಕಿಟಕಿಯಲ್ಲಿ ಕಾಡು: ಕಡೂರಿಂದ ಚಾರ್ಮಾಡಿವರೆಗೆ

ಕಾಡುಪ್ರಾಣಿ ನೋಡೋಕೆ ಸಫಾರಿಗೇ ಹೋಗಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಜಾಸ್ತಿ ನೋಡಿರುವುದು ಸಾರಿಗೆ ಬಸ್ಸಿನಲ್ಲಿ. ಕಡೂರಿನಲ್ಲಿ ಹತ್ತಿ ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ಅರ್ಧ ದಿನದೊಳಗೆ ಕುರುಚಲು ಕಾಡು, ಕಾಫಿ ತೋಟ, ಶೋಲಾ (ಹುಲ್ಲುಗುಡ್ಡದ ಮಡಿಕೆಯಲ್ಲಿ ಬೆಳೆಯುವ ಕಾಡು), ಘಟ್ಟದ ದಟ್ಟ ಕಾಡು ಎಲ್ಲ ಆಗುತ್ತದೆ. ಬಸ್ಸಿನ ಸೀಟು ಎತ್ತರದಲ್ಲಿರುವುದೇ ದೊಡ್ಡ ಅನುಕೂಲ. ಕಾರಿನಲ್ಲಿ ಬೇಲಿ ಮಾತ್ರ ಕಾಣುತ್ತದೆ, ಬಸ್ಸಿನಲ್ಲಿ ಬೇಲಿಯಾಚೆಗೂ ಕಣ್ಣು ಹೋಗುತ್ತದೆ.

ಬೆಳಗ್ಗೆ ಬೇಗ ಹೊರಡುವ ಬಸ್ಸು, ಬಲಗಡೆ ಕಿಟಕಿ. ಬಿಸಿಲು ಎಡಗಡೆಯಿಂದ ಬರುತ್ತದೆ, ಆ ಕಡೆ ಕೂತರೆ ಕಣ್ಣು ಕುಕ್ಕುತ್ತದೆ. ಮೇಲಾಗಿ ಸಖರಾಯಪಟ್ಟಣ ಬಂದಮೇಲೆ ಬಾಬಾಬುಡನ್ ಗಿರಿ ಸಾಲು ಬಲಗಡೆಗೇ ಕಾಣೋದು.

ಕಡೂರಿನ ಸುತ್ತ ಜಾಲಿ, ಕಳ್ಳಿ, ಲಂಟಾನ, ನಡುನಡುವೆ ತೆಂಗಿನ ತೋಟ. ಇಲ್ಲಿ ನಾನು ನೆಲ ನೋಡೋದಿಲ್ಲ, ಕರೆಂಟು ತಂತಿ ನೋಡುತ್ತೇನೆ. ನೀಲಕಂಠ ಅಲ್ಲೇ ಕೂತಿರುತ್ತದೆ. ಕೂತಾಗ ಮಬ್ಬು ಕಂದು, ಯಾರಿಗೂ ಬೇಡದ ಹಕ್ಕಿ. ಮಿಡತೆ ಕಂಡು ಕೆಳಗೆ ಹಾರಿತೋ, ರೆಕ್ಕೆಯಲ್ಲಿ ಎರಡು ಥರದ ನೀಲಿ ಪಟ್ಟನೆ ಬಿಚ್ಚಿಕೊಳ್ಳುತ್ತದೆ. ನಮ್ಮ ರಾಜ್ಯ ಪಕ್ಷಿ ಇದೇ ಅಂತ ಪಕ್ಕದ ಸೀಟಿನವರಿಗೆ ಹೇಳಿದರೆ ಯಾರೂ ನಂಬೋದಿಲ್ಲ! ಇದೇ ತಾಲೂಕಿನ ಬಾಸೂರು ಅಮೃತ್ ಮಹಲ್ ಕಾವಲಿನಲ್ಲಿ (ಅಮೃತ್ ಮಹಲ್ ತಳಿಯ ದನಗಳ ಹುಲ್ಲುಗಾವಲು) ಕೃಷ್ಣಮೃಗಗಳಿವೆ, 2011ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಮಾಡಿದರು. ಆದರೆ ಅದು ಈ ರಸ್ತೆಯಲ್ಲಿ ಸಿಗೋದಿಲ್ಲ.

ಚಿಕ್ಕಮಗಳೂರು ದಾಟಿದಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ವಾರ ಹತ್ತು ದಿನ ಕಳೆದಿದ್ದರೆ ಘಮ ಮೊದಲು ಬಸ್ಸಿನೊಳಗೆ ಬರುತ್ತದೆ, ಹೂ ಆಮೇಲೆ ಕಾಣುತ್ತದೆ. ಮೂಡಿಗೆರೆ ಕಡೆ ಗದ್ದೆಯೂ ಕಾಡೂ ಸೇರುವ ಅಂಚಿನ ಮೇಲೆ ಕಣ್ಣಿಟ್ಟಿರಿ. ಕಾಟಿ, ಅಂದರೆ ಕಾಡುಕೋಣ, ಮೇಯೋದು ಅಲ್ಲೇ. ದೂರಕ್ಕೆ ಎಮ್ಮೆ ಅನ್ನಿಸುತ್ತದೆ, ಕಾಲು ನೋಡಿ. ಮಂಡಿಯಿಂದ ಕೆಳಗೆ ಬಿಳಿ ಸಾಕ್ಸ್ ಹಾಕಿದ ಹಾಗಿದ್ದರೆ ಕಾಟಿ. ಆನೆ ಕಾಣುವುದು ಕಡಿಮೆ, ಅದರ ಗುರುತು ಜಾಸ್ತಿ: ಮಲಗಿದ ಬೇಲಿ ಕಂಬ, ಸಿಗಿದ ಬೈನೆ ಮರ, ರಸ್ತೆಯಲ್ಲಿ ಲದ್ದಿ. ನಮಗೆ ಇದೆಲ್ಲ ಕುತೂಹಲ, ತೋಟದ ಕೆಲಸಕ್ಕೆ ನಡೆದು ಹೋಗುವವರಿಗೆ ಜೀವಭಯ. ಅವರು ಬಸ್ಸಿನಲ್ಲಿದ್ದಾಗ 'ಆನೆ ನೋಡಬೇಕಿತ್ತು' ಅಂತ ನಾನು ಬಾಯಿ ಬಿಡೋದಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗಬೇಡಿ. ಹೇಮಾವತಿ ಹುಟ್ಟುವ ಜಾವಳಿ ಇಲ್ಲಿಗೆ ಹತ್ತಿರ. ಆ ಕಡೆ ಬಿದ್ದ ಮಳೆ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ, ಘಟ್ಟದ ಪಶ್ಚಿಮಕ್ಕೆ ಬಿದ್ದದ್ದು ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ.

ಚಾರ್ಮಾಡಿಯಲ್ಲಿ ಡ್ರೈವರ್ ತಾನಾಗೇ ನಿಧಾನ ಮಾಡುತ್ತಾರೆ. ಗುಡ್ಡದ ನೆತ್ತಿ ಪೂರ್ತಿ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಮರ. ಮೇಲೆ ಗಾಳಿ, ತೆಳು ಮಣ್ಣು. ನೀರು, ಮಣ್ಣು ನಿಲ್ಲುವ ಮಡಿಕೆಯಲ್ಲಿ ಶೋಲಾ ಬೆಳೆಯುತ್ತದೆ. 2019ರ ಆಗಸ್ಟಿನಲ್ಲಿ ಇಲ್ಲಿ ಭಾರಿ ಗುಡ್ಡ ಕುಸಿದು ವಾಹನ ಸಂಚಾರವೇ ನಿಂತಿತ್ತು. ತಡೆಗೋಡೆ ಮೇಲೆ ಮಂಗಗಳು ಸಾಲಾಗಿ ಕಾಯುತ್ತಿರುತ್ತವೆ. ಚಿಪ್ಸ್ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಅವು ರಸ್ತೆಗಿಳಿದು ಚಕ್ರಕ್ಕೆ ಸಿಗೋದು, ಅಲ್ವಾ? ಬಸ್ಸು ನಿಂತು ಎಂಜಿನ್ ಆಫ್ ಆದರೆ ಕಿವಿಗೊಡಿ. ತೊರೆ ಹತ್ತಿರ ಯಾರೋ ಹುಡುಗ ಸುಮ್ನೆ ಸಿಳ್ಳೆ ಹಾಕಿದಂತೆ ಕೇಳಿಸಿದರೆ ಅದು ಸರಳೆ ಸಿಳ್ಳಾರ ಹಕ್ಕಿ.

ಬೈನಾಕ್ಯುಲರ್ ಓಡುವ ಬಸ್ಸಿನಲ್ಲಿ ದಂಡ, ಎಲ್ಲ ಕುಣಿಯುತ್ತದೆ. ನಾನು ಕಂಡದ್ದನ್ನು ಕಿಲೋಮೀಟರ್ ಕಲ್ಲಿನ ನಂಬರ್ ಜೊತೆ ಬರೆದುಕೊಳ್ಳುತ್ತೇನೆ, ಮುಂದಿನ ಸಲ ಎಲ್ಲಿ ಎಚ್ಚರವಾಗಿರಬೇಕು ಗೊತ್ತಾಗುತ್ತದೆ. ಜುಲೈನಲ್ಲಿ ಮಾತ್ರ ಹೋಗಬೇಡಿ, ಘಟ್ಟದಲ್ಲಿ ಮಂಜು ಬಿಟ್ಟರೆ ಏನೂ ಕಾಣೋದಿಲ್ಲ. ಅಕ್ಟೋಬರ್, ನವೆಂಬರ್ ಒಳ್ಳೇದು. ತೊರೆಗಳಲ್ಲಿ ನೀರೂ ಇರುತ್ತದೆ, ಆಕಾಶವೂ ತೆರೆದಿರುತ್ತದೆ.