ಲೀಗ್ ಆಡಿದ ಮೈ, ಆಸಿ ರೂಲ್ಸ್ ಕಲಿತ ಕಣ್ಣು

ರಗ್ಬಿ ಲೀಗ್ ಆಡುತ್ತಿದ್ದವನು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ಗೆ ಬಂದ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಚೆಂಡು ಒದೆಯೋಕೆ ಬರುತ್ತಾ? ಒದೆಯುವುದನ್ನು ಕಲಿಯಬಹುದು. ಓಟಕ್ಕೂ ಮೈ ಒಗ್ಗಿಕೊಳ್ಳುತ್ತದೆ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ನೋಡುವುದನ್ನು ಕಲಿಯೋಕೆ. ಇದು ನಾನು ಆಡಿ ಕಂಡುಕೊಂಡ ಮಾತು. ಈ ದಾರಿ ಹಿಡಿದ ದೊಡ್ಡ ಆಟಗಾರರ ಬಗ್ಗೆ ಜನ ಬರೀ ಪ್ರಚಾರಕ್ಕೆ ಬಂದವರು ಅಂತ ಹಗುರವಾಗಿ ಮಾತಾಡಿದಾಗ ನನಗೆ ಬೇಸರವಾಗುವುದೂ ಇದೇ ಕಾರಣಕ್ಕೆ.

ನಾನು ಬೆಳೆದದ್ದು ಸಿಡ್ನಿಯ ಪಶ್ಚಿಮದ ಬಡಾವಣೆಗಳಲ್ಲಿ. ಅಪ್ಪ ಅಮ್ಮ ಹಾಸನದ ಕಡೆಯವರು. ಮನೆಯ ಟಿವಿಯಲ್ಲಿ ಕ್ರಿಕೆಟ್, ಹೊರಗೆ ಲೀಗ್. ಶಾಲೆಯಲ್ಲಿ ಶುರುವಾದ ಆಟ ದೊಡ್ಡವನಾದ ಮೇಲೂ ಬಿಡಲಿಲ್ಲ. ಬಡಾವಣೆಯ ಕ್ಲಬ್‌ಗೆ ಸೆಕೆಂಡ್ ರೋ ಆಡುತ್ತಿದ್ದೆ. ಅಂದರೆ ಚೆಂಡು ಹಿಡಿದು ನೇರವಾಗಿ ನುಗ್ಗುವುದು, ಎದುರಾಳಿ ಬಂದರೆ ಕೆಡವುವುದು. ದುಡ್ಡಿಗಾಗಿ ಆಡಿದವನಲ್ಲ. ಆದರೆ ವಾರವೆಲ್ಲ ಶನಿವಾರಕ್ಕೇ ಕಾಯುತ್ತಿದ್ದೆ. ಆಮೇಲೆ ಕೆಲಸ ಸಿಕ್ಕಿ ಮೆಲ್ಬರ್ನ್‌ಗೆ ಬಂದೆ.

ಆಸ್ಟ್ರೇಲಿಯಾದ ನಕ್ಷೆಯ ಮೇಲೆ ಬರಾಸಿ ರೇಖೆ ಅಂತ ಒಂದು ಕಾಲ್ಪನಿಕ ಗೆರೆ ಇದೆ. ಮೆಲ್ಬರ್ನ್‌ನ ಹೆಸರಾಂತ ಆಟಗಾರ, ಕೋಚ್ ರಾನ್ ಬರಾಸಿಯ ಹೆಸರನ್ನು ಅದಕ್ಕೆ ಇಟ್ಟವರು ಇತಿಹಾಸಕಾರ ಇಯಾನ್ ಟರ್ನರ್, 1978ರಲ್ಲಿ. ಗೆರೆಯ ಒಂದು ಕಡೆ ಸಿಡ್ನಿ, ಬ್ರಿಸ್ಬೇನ್. ಅಲ್ಲಿ ರಗ್ಬಿ ನಡೆಯುತ್ತದೆ. ಇನ್ನೊಂದು ಕಡೆ ಮೆಲ್ಬರ್ನ್, ಅಡಿಲೇಡ್, ಪರ್ತ್. ಅಲ್ಲಿ ಆಸಿ ರೂಲ್ಸ್. ನಾನು ಆ ಗೆರೆ ದಾಟಿ ಬಂದವನು. ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಯಾರೂ ಲೀಗ್ ಬಗ್ಗೆ ಮಾತಾಡುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ತಮ್ಮ ಕ್ಲಬ್‌ನ ಪ್ರೀ-ಸೀಸನ್ ಪ್ರಾಕ್ಟೀಸ್‌ಗೆ ಕರೆದರು. ಹೋದೆ.

ಅಪ್ಪನಿಗೆ ಫೋನ್‌ನಲ್ಲಿ ಹೇಳಿದೆ. ಅವರಿಗೆ ಲೀಗ್ ಕಂಡರೆ ಭಯ. "ಇದನ್ನ ಎಲ್ಲಿ ಆಡ್ತೀರೋ?" ಅಂದರು. ಕ್ರಿಕೆಟ್ ಮೈದಾನದಲ್ಲೇ ಅಪ್ಪ, ಅಂದೆ. "ಹೌದಾ? ಹಾಗಾದ್ರೆ ನಾನೂ ಬಂದು ನೋಡ್ತೀನಿ ಬಿಡಪ್ಪ." ಮೈದಾನ ಒಂದೇ ಆಗಿರುವುದಕ್ಕೆ ಹಳೆಯ ಕಾರಣವಿದೆ. ಈ ಆಟದ ಮೊದಲ ನಿಯಮಗಳನ್ನು ಮೆಲ್ಬರ್ನ್‌ನಲ್ಲಿ ಬರೆದದ್ದು 1859ರಲ್ಲಿ. ಬರೆದವರಲ್ಲಿ ಟಾಮ್ ವಿಲ್ಸ್ ಕ್ರಿಕೆಟ್ ಆಟಗಾರ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು ಅನ್ನುವುದು ಅವರ ಆಲೋಚನೆಯಾಗಿತ್ತು.

ಈ ಮೈದಾನದಿಂದಲೇ ನನ್ನ ಕಷ್ಟ ಶುರುವಾಯಿತು. ಲೀಗ್ ಮೈದಾನ 100 ಮೀಟರ್ ಉದ್ದ, 68 ಮೀಟರ್ ಅಗಲದ ಆಯತ. ತಂಡಕ್ಕೆ 13 ಜನ. ಪಾಸ್ ಯಾವಾಗಲೂ ಹಿಂದಕ್ಕೆ. ಹಾಗಾಗಿ ಎದುರಾಳಿಗಳೆಲ್ಲ ಮುಂದೆ, ನಮ್ಮವರೆಲ್ಲ ಹಿಂದೆ ಅಥವಾ ಪಕ್ಕದಲ್ಲಿ. ಕಬಡ್ಡಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ: ನಡುವೆ ಒಂದು ಗೆರೆ, ಆಚೆ ಅವರು, ಈಚೆ ನಾವು. ಹಿಡಿದು ಕೆಡವಿದರೆ ಆಟ ಒಂದು ಕ್ಷಣ ನಿಲ್ಲುತ್ತದೆ. ಎದ್ದು, ಕಾಲಿನಿಂದ ಚೆಂಡನ್ನು ಹಿಂದಕ್ಕೆ ಉರುಳಿಸಿ, ಮತ್ತೆ ಶುರು. ಹೀಗೆ ಆರು ಟ್ಯಾಕಲ್ ಆದ ಮೇಲೆ ಚೆಂಡು ಅವರಿಗೆ. ಪ್ರತಿ ಟ್ಯಾಕಲ್ ಆದ ಮೇಲೂ ಎರಡು ಸಾಲು ಮತ್ತೆ ಕಟ್ಟಿಕೊಳ್ಳುತ್ತದೆ. ನೋಡಬೇಕಾದದ್ದೆಲ್ಲ ಕಣ್ಣ ಮುಂದೆಯೇ ಇರುತ್ತದೆ.

ಆಸಿ ರೂಲ್ಸ್‌ನಲ್ಲಿ ಮೈದಾನ ಮೊಟ್ಟೆಯಾಕಾರ. 135ರಿಂದ 185 ಮೀಟರ್ ಉದ್ದ, 110ರಿಂದ 155 ಮೀಟರ್ ಅಗಲ. ತಂಡಕ್ಕೆ 18 ಜನ. ಆಫ್‌ಸೈಡ್ ಇಲ್ಲ, ಅಂದರೆ ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ನಿಮ್ಮ ಎದುರಾಳಿ ನಿಮ್ಮ ಬೆನ್ನಿಗೇ ಅಂಟಿಕೊಂಡು ನಿಂತಿರಬಹುದು. ಚೆಂಡು ಎದುರಿಂದ ಬರಬಹುದು, ತಲೆ ಮೇಲಿಂದ ಬರಬಹುದು, ಹಿಂದಿನಿಂದಲೂ ಬರಬಹುದು. ನಿಮಗೆ ಕೊಡಬೇಕಾದವನು ಎಡಗಡೆ ಇದ್ದಾನೆ, ನೀವು ಕೊಡಬೇಕಾದವನು ಬೆನ್ನ ಹಿಂದೆ ಓಡುತ್ತಿದ್ದಾನೆ. ಸಾಲು ಅನ್ನುವುದೇ ಇಲ್ಲ.

ನಮ್ಮ ಕೋಚ್ ಇದಕ್ಕೆ ಒಂದು ಅಭ್ಯಾಸ ಮಾಡಿಸಿದರು. ನಾನು ಒಬ್ಬನ ಕಡೆ ಓಡಬೇಕು, ಅವನು ಚೆಂಡು ಒದೆಯುತ್ತಾನೆ. ಚೆಂಡು ಗಾಳಿಯಲ್ಲಿ ಇರುವಾಗ ನಾನು ಹೆಗಲ ಮೇಲಿಂದ ಹಿಂದೆ ನೋಡಬೇಕು. ಅಲ್ಲಿ ಕೋಚ್ ಕೈ ಎತ್ತಿ ನಿಂತಿರುತ್ತಾರೆ. ಎಷ್ಟು ಬೆರಳು ಅಂತ ಕೂಗಿ ಹೇಳಿ, ಮತ್ತೆ ತಿರುಗಿ, ಚೆಂಡು ಹಿಡಿಯಬೇಕು. ಮೊದಮೊದಲು ಬೆರಳು ಕಂಡರೆ ಚೆಂಡು ಜಾರುತ್ತಿತ್ತು, ಚೆಂಡು ಸಿಕ್ಕರೆ ಬೆರಳು ಕಾಣುತ್ತಿರಲಿಲ್ಲ. "ಚೆಂಡು ಎಲ್ಲಿಗೂ ಓಡಿಹೋಗಲ್ಲ ಮೇಟ್. ಮೊದಲು ನೋಡು, ಆಮೇಲೆ ಹಿಡಿ," ಅನ್ನುತ್ತಿದ್ದರು. ಇಡೀ ಚಳಿಗಾಲ ಬೇರೆಯವರು ಬಟ್ಟೆ ಬದಲಾಯಿಸಿ ಮನೆಗೆ ಹೊರಟ ಮೇಲೂ ನಾವಿಬ್ಬರು ಇದನ್ನೇ ಮಾಡುತ್ತಿದ್ದೆವು. ಒದೆತದ ಅಭ್ಯಾಸಕ್ಕಿಂತ ಇದರಿಂದ ನನ್ನ ಆಟ ಜಾಸ್ತಿ ಬದಲಾಯಿತು.

ಇನ್ನೊಂದು ಸಹಾಯ ಸಿಕ್ಕಿದ್ದು ಎಂಸಿಜಿಯಲ್ಲಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನಲ್ಲಿ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತದೆ, ಉಳಿದದ್ದು ಕಾಣುವುದಿಲ್ಲ. ಹಾಗಾಗಿ ಮೆಲ್ಬರ್ನ್‌ನ ಯಾವ ತಂಡ ಆಡಿದರೂ ಪಂಟ್ ರೋಡ್ ಕಡೆಯ ಗೋಲಿನ ಹಿಂದೆ, ಮೇಲಿನ ಅಂತಸ್ತಿನಲ್ಲಿ ಟಿಕೆಟ್ ತೆಗೆದುಕೊಂಡು ಕೂರುತ್ತಿದ್ದೆ. ಅಲ್ಲಿಂದ ನೋಡಿದರೆ ಆಟ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಚೆಂಡು ಒಂದು ಮೂಲೆಯಲ್ಲಿದ್ದಾಗ ಇನ್ನೊಂದು ಮೂಲೆಯಲ್ಲಿರುವ ಡಿಫೆಂಡರ್ ನಾಲ್ಕು ಹೆಜ್ಜೆ ಒಳಗೆ ಸರಿಯುತ್ತಾನೆ. ಯಾಕೆ ಸರಿದ ಅಂತ ಅರ್ಧ ನಿಮಿಷ ಕಳೆದ ಮೇಲೆ ಗೊತ್ತಾಗುತ್ತದೆ. ಲೀಗ್‌ನಿಂದ ಬರುವ ಯಾರಿಗಾದರೂ ಇದನ್ನೇ ಹೇಳುತ್ತೇನೆ: ಚೆಂಡು ಬಿಟ್ಟು ಒಬ್ಬನೇ ಆಟಗಾರನನ್ನು ಒಂದು ಕ್ವಾರ್ಟರ್, ಅಂದರೆ ಪಂದ್ಯದ ಕಾಲು ಭಾಗ, ಪೂರ್ತಿ ನೋಡಿ.

ಈಗ ಒದೆತ. ಲೀಗ್‌ನಲ್ಲಿ ನನ್ನಂಥ ಫಾರ್ವರ್ಡ್‌ಗಳು ಒದೆಯುವುದೇ ಅಪರೂಪ, ಅದು ಹಾಫ್‌ಬ್ಯಾಕ್‌ಗಳ ಕೆಲಸ. ಇಲ್ಲಿ 18 ಜನರೂ ಒದೆಯಲೇಬೇಕು, ಅದೂ ಓಡುತ್ತಾ. ಡ್ರಾಪ್ ಪಂಟ್ ಅನ್ನುವ ಒದೆತ ಇಲ್ಲಿನ ಅಕ್ಷರಮಾಲೆ. ಚೆಂಡನ್ನು ಎರಡೂ ಕೈಯಲ್ಲಿ, ಬೆರಳು ಅಗಲಿಸಿ, ಅದರ ಲೇಸ್ (ಹೊಲಿಗೆಯ ದಾರ) ಮುಂದೆ ಇರುವಂತೆ ಹಿಡಿಯುತ್ತೇವೆ. ಬಲಗಾಲಿನಲ್ಲಿ ಒದೆಯುವವರು ಎಡಗೈಯನ್ನು ಮೊದಲು ಬಿಡುತ್ತಾರೆ, ಬಲಗೈ ಚೆಂಡನ್ನು ಕಾಲಿನವರೆಗೂ ಇಳಿಸುತ್ತದೆ. ಎಲ್ಲ ಇರುವುದು ಈ ಇಳಿಸುವುದರಲ್ಲೇ. ಚೆಂಡು ನೆಟ್ಟಗೆ ಬೀಳಬೇಕು. ಕೈಯಿಂದ ಕಾಲಿಗೆ ದೂರ ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾಲ್ಬೆರಳು ಮುಂದಕ್ಕೆ ಚಾಚಿ, ಪಾದದ ಮೇಲಿನ ಗಟ್ಟಿ ಭಾಗದಿಂದ ಚೆಂಡಿನ ಕೆಳಮೊನೆಗೆ ಹೊಡೆಯಬೇಕು. ಸರಿಯಾಗಿ ಬಿದ್ದರೆ ಚೆಂಡು ಹಿಮ್ಮುಖವಾಗಿ ಉರುಳುತ್ತಾ ನೇರವಾಗಿ ಹೋಗುತ್ತದೆ, ಆ ಕಡೆಯವನಿಗೆ ಹಿಡಿಯೋಕೂ ಸುಲಭ. ನಾನು ಕಲಿತದ್ದು ದೂರ ಒದೆದು ಅಲ್ಲ. ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಸುಮ್ನೆ ಅವರ ಎದೆಗೆ ಒದೆಯುತ್ತಿದ್ದೆ. ದೂರ ಆಮೇಲೆ ತಾನಾಗಿಯೇ ಬಂತು.

ಹ್ಯಾಂಡ್‌ಬಾಲ್ ಇದಕ್ಕಿಂತ ಬೇಗ ಬರುತ್ತದೆ. ಚೆಂಡನ್ನು ಎಡ ಅಂಗೈಯಲ್ಲಿ ಇಟ್ಟು ಬಲಮುಷ್ಟಿಯಿಂದ ಗುದ್ದಬೇಕು. ಎಸೆದರೆ ಎದುರಾಳಿಗೆ ಫ್ರೀ ಕಿಕ್. ಲೀಗ್‌ನ ಕೈಗೆ ಎಸೆಯುವುದು ರಕ್ತಗತ. ಅದಕ್ಕೆ ನಾನು ಅಡುಗೆಮನೆಯ ಗೋಡೆಗೆ ಗುದ್ದಿ ಗುದ್ದಿ ರೂಢಿ ಮಾಡಿಕೊಂಡೆ. ಚೆಂಡು ಹಿಡಿದು ಓಡುವಾಗ 15 ಮೀಟರ್‌ಗೆ ಒಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು ಅಥವಾ ಮುಟ್ಟಿಸಬೇಕು. ಒದ್ದೆ ಹುಲ್ಲಿನ ಮೇಲೆ ಬಾಗಿ ಮುಟ್ಟಿಸುವುದೇ ವಾಸಿ.

ಓಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೀಗ್‌ನಲ್ಲಿ ಢಿಕ್ಕಿ ಹೊಡೆಯಲು ತೂಕ ಬೇಕು. ಇಲ್ಲಿ ಅದೇ ತೂಕ ಮೂರನೇ ಕ್ವಾರ್ಟರ್‌ನಲ್ಲಿ ಕಾಲು ಎಳೆಯುತ್ತದೆ. ವೃತ್ತಿಪರ ಮಿಡ್‌ಫೀಲ್ಡರ್ ಒಬ್ಬ ಪಂದ್ಯಕ್ಕೆ 12 ಕಿಲೋಮೀಟರ್‌ಗೂ ಜಾಸ್ತಿ ಓಡುತ್ತಾನೆ. ಭಾರ ಎತ್ತುವುದನ್ನು ಅರ್ಧಕ್ಕೆ ಇಳಿಸಿದೆ, ಉದ್ದದ ಓಟ ಶುರು ಮಾಡಿದೆ, ಎದೆ ತೋಳು ಸಣ್ಣಗಾದವು. ಅಮ್ಮ ಫೋಟೋ ನೋಡಿ "ಸರಿಯಾಗಿ ಊಟ ಮಾಡ್ತಿಲ್ವಾ?" ಅಂತ ಕೇಳಿದರು.

ಲೀಗ್‌ನಿಂದ ನಾನು ತಂದ ಆಸ್ತಿ ಅಂದರೆ ಟ್ಯಾಕಲ್. ಅದನ್ನೂ ಸ್ವಲ್ಪ ತಿದ್ದಬೇಕಾಯಿತು. ಇಲ್ಲಿ ಹೆಗಲಿಗಿಂತ ಕೆಳಗೆ, ಮೊಣಕಾಲಿಗಿಂತ ಮೇಲೆ ಹಿಡಿಯಬೇಕು. ಹಿಂದಿನಿಂದ ಹಿಡಿದು ಬೆನ್ನ ಮೇಲೆ ಬಿದ್ದರೆ ಫ್ರೀ ಕಿಕ್ ಅವನಿಗೆ. ಹಾಗಾಗಿ ತಬ್ಬಿ ಹಿಡಿದು, ಬೀಳುವಾಗ ಪಕ್ಕಕ್ಕೆ ಉರುಳಬೇಕು. ಅವನ ತೋಳನ್ನು ಚೆಂಡಿನ ಸಮೇತ ಬಿಗಿದರೆ ಮುಗಿಯಿತು. ಬಿಡಿಸಿಕೊಳ್ಳಲು ಸಮಯವಿದ್ದೂ ಚೆಂಡು ಕೊಟ್ಟಿಲ್ಲ ಅಂತ ಅಂಪೈರ್ ನಮಗೆ ಫ್ರೀ ಕಿಕ್ ಕೊಡುತ್ತಾರೆ. ನಾನು ಹಾಗೆ ಹಿಡಿದಾಗ ನಮ್ಮ ಬೆಂಚ್‌ನಿಂದ ಬರುವ ಕೂಗಿದೆಯಲ್ಲ, ಲೀಗ್‌ನಲ್ಲಿ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸಿ ಟ್ರೈ ಹೊಡೆದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಇಷ್ಟನ್ನೆಲ್ಲ ಮೈಯಲ್ಲಿ ಅನುಭವಿಸಿದ ಮೇಲೆ ಕಾರ್ಮೈಕಲ್ ಹಂಟ್, ಇಸ್ರೇಲ್ ಫೋಲಾವ್ ಮಾಡಿದ್ದು ಎಷ್ಟು ದೊಡ್ಡದು ಅಂತ ಅರ್ಥವಾಯಿತು. ಹಂಟ್ ಬ್ರಿಸ್ಬೇನ್ ಬ್ರಾಂಕೋಸ್ ಅನ್ನುವ ಲೀಗ್ ತಂಡದ ಫುಲ್‌ಬ್ಯಾಕ್, 2006ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದ ತಂಡದಲ್ಲಿದ್ದವರು. 2009ರಲ್ಲಿ ಗೋಲ್ಡ್ ಕೋಸ್ಟ್‌ನ ಹೊಸ ಆಸಿ ರೂಲ್ಸ್ ಕ್ಲಬ್ ಸೇರುವುದಾಗಿ ಹೇಳಿದಾಗ ಸಿಡ್ನಿಯಲ್ಲಿ ನಮ್ಮ ಶಾಲೆಯ ಹುಡುಗರು ನಂಬಲೇ ಇಲ್ಲ. ಮರುವರ್ಷ ಫೋಲಾವ್ ಗ್ರೇಟರ್ ವೆಸ್ಟರ್ನ್ ಸಿಡ್ನಿ ಅನ್ನುವ ಇನ್ನೊಂದು ಹೊಸ ಆಸಿ ರೂಲ್ಸ್ ಕ್ಲಬ್‌ಗೆ ಸಹಿ ಹಾಕಿದರು. ಮೆಲ್ಬರ್ನ್ ಸ್ಟಾರ್ಮ್ ಅನ್ನುವ ಲೀಗ್ ತಂಡಕ್ಕೆ ಆಡಿದ ಮೊದಲ ವರ್ಷವೇ, 2007ರಲ್ಲಿ, 21 ಟ್ರೈ ಹೊಡೆದ ಹುಡುಗ ಅವರು. ರಗ್ಬಿ ಊರುಗಳಲ್ಲಿ ಹೊಸ ಕ್ಲಬ್‌ಗಳ ಕಡೆ ಜನರನ್ನು ಸೆಳೆಯಬೇಕಿತ್ತು, ಅದಕ್ಕೇ ಕರೆದರು ಅನ್ನುವುದು ನಿಜ. ಆದರೆ ಬರೀ ಪ್ರಚಾರ ಅನ್ನುವುದು ಅನ್ಯಾಯ. ಮೈದಾನಕ್ಕೆ ಇಳಿದವರು ಅವರೇ ಅಲ್ವಾ?

ಫೋಲಾವ್ 2012ರ ಒಂದೇ ಸೀಸನ್ ಆಡಿದರು. 13 ಪಂದ್ಯ, ಎರಡು ಗೋಲು. ಆಮೇಲೆ ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಯೂನಿಯನ್‌ಗೆ ಹೋದರು. ಎತ್ತರಕ್ಕೆ ನೆಗೆದು ಚೆಂಡು ಹಿಡಿಯುವುದರಲ್ಲಿ ಲೀಗ್‌ನಲ್ಲಿ ಅವರಿಗೆ ಸಾಟಿ ಇರಲಿಲ್ಲ. ಆದರೆ ಇಲ್ಲಿ ಫಾರ್ವರ್ಡ್ ನೆಗೆಯುವ ಮೊದಲು ಯಾವ ಕಡೆ, ಯಾವಾಗ ಓಡಬೇಕು ಅಂತ ಗೊತ್ತಿರಬೇಕು. ಒದೆಯುವವನು ತಲೆ ಎತ್ತುವ ಗಳಿಗೆಗೆ ಸರಿಯಾಗಿ ಓಟ ಶುರುವಾಗಬೇಕು. ಇಲ್ಲಿನ ಮಕ್ಕಳು ಅದನ್ನು ಐದಾರು ವರ್ಷದಿಂದಲೇ ನೋಡಿ ಕಲಿಯುತ್ತಾರೆ. ಫೋಲಾವ್‌ಗೆ ಸಿಕ್ಕಿದ್ದು ಒಂದು ಸೀಸನ್, ಅದೂ ಹುಡುಗರೇ ತುಂಬಿದ್ದ ಹೊಸ ತಂಡದಲ್ಲಿ, ಸೋಲಿನ ಮೇಲೆ ಸೋಲು ಕಾಣುತ್ತಿದ್ದಾಗ. ಇನ್ನೆರಡು ವರ್ಷ ಇದ್ದಿದ್ದರೆ ಅನ್ನಿಸುತ್ತದೆ.

ಹಂಟ್ ಉಳಿದರು. ಅವರಿಗೆ ಬ್ರಿಸ್ಬೇನ್‌ನ ಶಾಲಾದಿನಗಳಲ್ಲೇ ಈ ಆಟದ ಪರಿಚಯವಿತ್ತು. 2011ರಿಂದ 2014ರವರೆಗೆ 44 ಪಂದ್ಯ ಆಡಿದರು. 2012ರಲ್ಲಿ ಕೇರ್ನ್ಸ್‌ನಲ್ಲಿ ರಿಚ್ಮಂಡ್ ವಿರುದ್ಧ ಪಂದ್ಯ ಮುಗಿಯುವ ಸೈರನ್ ಆದ ಮೇಲೆ ಒದ್ದ ಗೋಲಿನಿಂದ ಗೋಲ್ಡ್ ಕೋಸ್ಟ್ ಎರಡು ಅಂಕದಿಂದ ಗೆದ್ದಿತು. ಎಲ್ಲರೂ ಆ ಒದೆತದ ವಿಡಿಯೋ ನೋಡುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಅನಿಸುವುದು, ಸೈರನ್ ಆಗುವ ಹೊತ್ತಿಗೆ ಅವರು ಗೋಲಿನ ಎದುರು, ಚೆಂಡು ಬರುವ ಜಾಗದಲ್ಲಿ ಇದ್ದರು ಅನ್ನುವುದು. ಮೂರು ವರ್ಷದ ಹಿಂದೆ ಲೀಗ್ ಆಡುತ್ತಿದ್ದವರು.

ಸಣ್ಣ ಕ್ಲಬ್‌ಗೆ ಲೀಗ್ ಹುಡುಗ ಬಂದರೆ ಕೋಚ್‌ಗಳು ಅವನ ಮೈಕಟ್ಟು ನೋಡಿ ಫುಲ್ ಫಾರ್ವರ್ಡ್ ಜಾಗದಲ್ಲಿ, ಅಂದರೆ ಎದುರಾಳಿಯ ಗೋಲಿನ ಹತ್ತಿರ, ನಿಲ್ಲಿಸುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಅಲ್ಲಿ ಆಟಕ್ಕೆ ಬೆನ್ನು ಮಾಡಿ ಓಡುವುದು, ತಿರುಗುವುದು ಜಾಸ್ತಿ. ನನ್ನನ್ನು ಹಾಫ್ ಬ್ಯಾಕ್‌ಗೆ (ಲೀಗ್‌ನ ಹಾಫ್‌ಬ್ಯಾಕ್ ಅಲ್ಲ, ಇಲ್ಲಿ ಇದು ಡಿಫೆಂಡರ್‌ನ ಜಾಗ) ಕಳಿಸಿದ್ದು ಒಳ್ಳೆಯದಾಯಿತು. ಅಲ್ಲಿ ಆಟ ಬಹುಮಟ್ಟಿಗೆ ಎದುರಿನಿಂದ ಬರುತ್ತದೆ. ಹಳೆಯ ಕಣ್ಣಿಗೂ ಕೆಲಸ ಇರುತ್ತದೆ, ಹೊಸದನ್ನು ಕಲಿಯಲು ಬಿಡುವೂ ಸಿಗುತ್ತದೆ. ಟ್ಯಾಕಲ್‌ಗೂ ಅವಕಾಶ ಜಾಸ್ತಿ. ಮೊದಲ ಸೀಸನ್ ಅಲ್ಲಿ ಆಡಿಸಿ, ಹೆಗಲ ಮೇಲಿಂದ ನೋಡುವ ರೂಢಿ ಬಂದ ಮೇಲೆ ಮಿಡ್‌ಫೀಲ್ಡ್‌ಗೆ ತನ್ನಿ.

ನಾನು ಈಗಲೂ ಹಾಫ್ ಬ್ಯಾಕ್‌ನಲ್ಲೇ ಆಡುತ್ತಿದ್ದೇನೆ. ಈ ಪ್ರೀ-ಸೀಸನ್‌ಗೆ ಎಡಗಾಲಿನ ಒದೆತ ಹಿಡಿದುಕೊಂಡಿದ್ದೇನೆ, ಮತ್ತೆ ಅದೇ ಹತ್ತು ಹೆಜ್ಜೆ ದೂರದಿಂದ.